ಟರ್ಬೋ ಹಾಕಿಸಲೋ, ಸೂಪರ್‌ಚಾರ್ಜರ್ ಕೂರಿಸಲೋ? – ವಾಹನ ಪ್ರಶ್ನೋತ್ತರ

ಪ್ರಶ್ನೆ: ನನ್ನ ಬಳಿ ಎರಡು ಲೀಟರ್ ಸಾಮರ್ಥ್ಯದ, ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನಿನ ಸೆಡಾನ್ ಇದೆ. ಕಂಪನಿಯ ಲೆಕ್ಕದಲ್ಲಿ ಅದರದು 150 ಅಶ್ವಶಕ್ತಿ, ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದು) 10.5. ವಾರಕ್ಕೊಮ್ಮೆ ದಶಪಥ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ, ಆಗೊಮ್ಮೆ ಈಗೊಮ್ಮೆ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿಗೆ ಹೋಗುವುದುಂಟು, ಉಳಿದದ್ದು ಊರೊಳಗಿನ ಓಡಾಟ. ಕಾರನ್ನು 250 ಅಶ್ವಶಕ್ತಿಗೆ ಏರಿಸಬೇಕೆಂಬ ಆಸೆಯಿದೆ. ಒಬ್ಬ ಮೆಕ್ಯಾನಿಕ್ ಟರ್ಬೋ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಸೂಪರ್‌ಚಾರ್ಜರೇ ಸರಿ ಎನ್ನುತ್ತಾರೆ. ಯಾರ ಮಾತನ್ನು ಕೇಳಲಿ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ನೀವು ಹೇಳಿರುವ ಮೂರೂ ಬಗೆಯ ಓಡಾಟಕ್ಕೆ ಟರ್ಬೋವೇ ಹೊಂದುತ್ತದೆ. ಆದರೆ ಅದು ನೀವು ಅಂದುಕೊಂಡಿರುವುದಕ್ಕಿಂತ ಚಿಕ್ಕ ಟರ್ಬೋ ಆಗಿರಬೇಕು, ಗುರಿಯೂ 250ರಿಂದ 200ರ ಆಸುಪಾಸಿಗೆ ಇಳಿಯಬೇಕು. ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ. ಏಕೆಂದರೆ ಈ ವಿಷಯದಲ್ಲಿ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ತಂಪು ಹವೆಯ ದೇಶಗಳಲ್ಲಿ, ದೊಡ್ಡ ಎಂಜಿನ್‌ಗಳ ಮೇಲೆ ನಡೆದ ಕೆಲಸದಿಂದ ಬಂದವು. ಮೈಸೂರಿನ ಎತ್ತರ, ಇಲ್ಲಿನ ಬೇಸಿಗೆ, ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲು ಇವೆಲ್ಲ ಸೇರಿ ಆ ಲೆಕ್ಕವನ್ನು ಬದಲಿಸುತ್ತವೆ.

ಎರಡೂ ಯಂತ್ರಗಳು ಮಾಡುವ ಕೆಲಸ ಒಂದೇ. ಪಿಸ್ಟನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅವು ಸಿಲಿಂಡರಿಗೆ ತುಂಬುತ್ತವೆ. ಗಾಳಿ ಹೆಚ್ಚಿದಷ್ಟೂ ಅದರೊಂದಿಗೆ ಹೆಚ್ಚು ಪೆಟ್ರೋಲನ್ನು ಸುಡಬಹುದು, ಶಕ್ತಿಯೂ ಹೆಚ್ಚುತ್ತದೆ. ಗಾಳಿಯನ್ನು ಒತ್ತಲು ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಎರಡೂ ಬೇರೆಯಾಗುತ್ತವೆ. ಸೂಪರ್‌ಚಾರ್ಜರನ್ನು ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟ್ ಮೂಲಕ ತಿರುಗಿಸಲಾಗುತ್ತದೆ, ಅಂದರೆ ಎಂಜಿನ್ ತಾನು ದುಡಿದದ್ದರಲ್ಲಿ ಒಂದು ಪಾಲನ್ನು ಅದಕ್ಕೆ ಕೊಡಬೇಕು. ಟರ್ಬೋವನ್ನು ತಿರುಗಿಸುವುದು ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ರಸ ತೆಗೆದ ಮೇಲೆ ಉಳಿದ ಕಬ್ಬಿನ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಗಾಣವನ್ನು ನಡೆಸುವಂತೆ, ಟರ್ಬೋ ಆ ಹೋಗುವ ಶಕ್ತಿಯಲ್ಲಿ ಸ್ವಲ್ಪವನ್ನು ಹಿಡಿದು ಕೆಲಸಕ್ಕೆ ಹಚ್ಚುತ್ತದೆ. ಇದು ಪೂರ್ತಿ ಪುಕ್ಕಟೆಯಲ್ಲ. ಹೊಗೆಯ ದಾರಿಗೆ ಅಡ್ಡ ಕೂತ ಟರ್ಬೈನ್ ಎಂಜಿನ್ನಿನ ಮೇಲೆ ಹಿಮ್ಮುಖ ಒತ್ತಡ ಹಾಕುತ್ತದೆ. ಆದರೂ ಬೆಲ್ಟಿಗೆ ಕೊಡುವುದಕ್ಕಿಂತ ಈ ಖರ್ಚು ಸಾಮಾನ್ಯವಾಗಿ ಕಡಿಮೆ.

ಬೆಲ್ಟಿನ ಖರ್ಚು ಎಷ್ಟೆಂದರೆ, ಅಮೆರಿಕದ ಡಾಡ್ಜ್ ಹೆಲ್‌ಕ್ಯಾಟ್ ಕಾರಿನ 6.2 ಲೀಟರ್ ವಿ8 ಎಂಜಿನ್ 707 ಅಶ್ವಶಕ್ತಿ ಕೊಡುವಾಗ ಸೂಪರ್‌ಚಾರ್ಜರ್ ಒಂದನ್ನು ತಿರುಗಿಸುವುದಕ್ಕೇ ಸುಮಾರು 80 ಅಶ್ವಶಕ್ತಿ ವ್ಯಯವಾಗುತ್ತದೆ. ನಿಮ್ಮದು 200 ಅಶ್ವಶಕ್ತಿ ಮುಟ್ಟಿದರೆ ಅರ್ಧ ಬಾರ್ ಬೂಸ್ಟಿನಲ್ಲಿ (ಬೂಸ್ಟ್ ಎಂದರೆ ಸುತ್ತಲಿನ ಗಾಳಿಗಿಂತ ಹೆಚ್ಚುವರಿಯಾದ ಒತ್ತಡ, ಬಾರ್ ಅದರ ಅಳತೆ) ಹತ್ತರಿಂದ ಹದಿನೈದು ಅಶ್ವಶಕ್ತಿ ಹೀಗೆ ಹೋಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರಿನ ಮಿತಿಯಲ್ಲಿ ಹೋಗುವಾಗ ಈ ನಷ್ಟ ಬಹಳ ಕಡಿಮೆ, ಏಕೆಂದರೆ ಒಳ್ಳೆಯ ಸೂಪರ್‌ಚಾರ್ಜರಿನಲ್ಲಿ ಗಾಳಿಯನ್ನು ಒತ್ತದೆ ಬಿಡುವ ಬೈಪಾಸ್ ವಾಲ್ವ್ ಇರುತ್ತದೆ. ಮೈಲೇಜಿನ ಹೆದರಿಕೆಯಿಂದ ಸೂಪರ್‌ಚಾರ್ಜರನ್ನು ತಳ್ಳಿಹಾಕುವವರ ವಾದ ಅಷ್ಟರಮಟ್ಟಿಗೆ ದುರ್ಬಲ. ನನ್ನ ತಕರಾರು ಇರುವುದು ಬಿಸಿಯ ಬಗ್ಗೆ.

ಯಾವುದೇ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ, ಸ್ವಲ್ಪವೂ ನಷ್ಟವಿಲ್ಲದ ಯಂತ್ರದಲ್ಲಿ ಕೂಡ ಅದು ಸುಮಾರು 73 ಡಿಗ್ರಿಗೆ ಹೋಗುತ್ತದೆ. ಶೇ. 75ರಷ್ಟು ದಕ್ಷತೆಯ ಟರ್ಬೋ ಕಂಪ್ರೆಸರಿನಲ್ಲಿ ಅದು 85ರ ಹತ್ತಿರ, ಶೇ. 55ರಷ್ಟು ದಕ್ಷತೆಯ ಹಳೆಯ ರೂಟ್ಸ್ ಮಾದರಿಯ ಸೂಪರ್‌ಚಾರ್ಜರಿನಲ್ಲಿ 104ರ ಹತ್ತಿರ. ಬಿಸಿ ಗಾಳಿ ವಿರಳವಾಗಿರುತ್ತದೆ, ಆದ್ದರಿಂದ ಒತ್ತಡದಿಂದ ಬಂದ ಲಾಭದಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ನಾಕಿಂಗ್: ಸ್ಪಾರ್ಕ್ ಪ್ಲಗ್ ಹಚ್ಚಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸಿಡಿದು, ಪಿಸ್ಟನ್ನಿನ ಅಂಚನ್ನೂ ರಿಂಗುಗಳನ್ನೂ ಒಡೆಯುತ್ತದೆ. ಬೂಸ್ಟ್ ಹಾಕಿಸಿದ ಮೇಲೆ ಕೆಟ್ಟ ಎಂಜಿನ್‌ಗಳಲ್ಲಿ ಬಹಳಷ್ಟು ಸಾಯುವುದು ಇದರಿಂದ. ಹಾಗಾಗಿ ನೀವು ಯಾವುದನ್ನೇ ಆರಿಸಿದರೂ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಮೊದಲು ಹಣ ಎತ್ತಿಡಿ. ಟರ್ಬೋದಲ್ಲಿ ಅದನ್ನು ಮುಂದಿನ ಬಂಪರಿನ ಹಿಂದೆ, ಗಾಳಿ ನೇರವಾಗಿ ಬಡಿಯುವಲ್ಲಿ ಇಡುವುದು ಸುಲಭ. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಸೂಪರ್‌ಚಾರ್ಜರಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ; ನೀರಿನಿಂದ ತಣಿಸುವ ಪ್ರತ್ಯೇಕ ವ್ಯವಸ್ಥೆ, ಅಂದರೆ ಇನ್ನೊಂದು ಪಂಪು, ಇನ್ನೊಂದು ರೇಡಿಯೇಟರ್ ಬೇಕಾಗುತ್ತದೆ. ಕೊಲಂಬಿಯಾ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತಾಗ ಆ ಇಡೀ ಲೋಹದ ಗಡ್ಡೆ ಕೆಳಗಿನ ಎಂಜಿನ್ನಿನ ಕಾವನ್ನು ಹೀರಿಕೊಂಡು ಕೂರುತ್ತದೆ.

ಸೂಪರ್‌ಚಾರ್ಜರ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಯಂತ್ರಗಳಿವೆ ಎಂಬುದನ್ನೂ ಹೇಳಬೇಕು. ರೂಟ್ಸ್ ಮಾದರಿ ಹಳೆಯದು. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರದಿಂದ ಅದು ಬಂದಿದೆ, ಆಗಿನ್ನೂ ಪೆಟ್ರೋಲ್ ಕಾರೇ ಇರಲಿಲ್ಲ. ಎರಡನೆಯದು ಟ್ವಿನ್ ಸ್ಕ್ರೂ, ದಕ್ಷತೆ ಹೆಚ್ಚು, ಬೆಲೆಯೂ ಹೆಚ್ಚು. ಈ ಎರಡೂ ಐಡ್ಲಿಂಗಿನಿಂದ ಸ್ವಲ್ಪ ಮೇಲೇ ಪೂರ್ತಿ ಬೂಸ್ಟ್ ಕೊಡುತ್ತವೆ, ಆಕ್ಸಿಲರೇಟರ್ ಒತ್ತಿದ ಕ್ಷಣವೇ ಕಾರು ನುಗ್ಗುತ್ತದೆ. ಸೂಪರ್‌ಚಾರ್ಜರನ್ನು ಮೆಚ್ಚುವವರು ಮೆಚ್ಚುವುದು ಇದನ್ನೇ, ಮತ್ತು ಅದು ನಿಜವಾಗಿಯೂ ಮೆಚ್ಚಬೇಕಾದ ಗುಣ. ಮೂರನೆಯದು ಸೆಂಟ್ರಿಫ್ಯೂಗಲ್. ನೋಡಲು ಟರ್ಬೋದ ಅರ್ಧ ಭಾಗದಂತಿದ್ದು ಬೆಲ್ಟಿನಿಂದ ತಿರುಗುವ ಇದು ಕೂರಿಸಲು ಸುಲಭ, ಹಾಗಾಗಿ ಚಿಕ್ಕ ಎಂಜಿನ್‌ಗಳಿಗೆ ಕಿಟ್ ರೂಪದಲ್ಲಿ ಹೆಚ್ಚಾಗಿ ಸಿಗುವುದು ಇದೇ. ಆದರೆ ಇದರ ಬೂಸ್ಟ್ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6,500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಅರ್ಧ ಬಾರ್ ಕೊಡುವ ಯಂತ್ರ 3,250ರಲ್ಲಿ ಕೊಡುವುದು ಅದರ ಕಾಲು ಭಾಗ, ಬಹುತೇಕ ಏನೂ ಇಲ್ಲದಷ್ಟು. ದಿನನಿತ್ಯ 2,000ದಿಂದ 4,000 ಆರ್‌ಪಿಎಂ ನಡುವೆ ಓಡುವ ಕಾರಿಗೆ ಇದನ್ನು ಹಾಕಿಸಿಕೊಂಡವರಿಗೆ ದುಡ್ಡು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ನಿಮಗೆ ಸೂಪರ್‌ಚಾರ್ಜರ್ ಹೇಳಿದ ಮೆಕ್ಯಾನಿಕ್ಕನ್ನು ಈ ಮೂರರಲ್ಲಿ ಯಾವುದು ಎಂದು ಮೊದಲು ಕೇಳಿ.

ಇನ್ನು ಎತ್ತರದ ಮಾತು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 0.92 ಬಾರ್‌ನಷ್ಟು. ನಿಮ್ಮ 150 ಅಶ್ವಶಕ್ತಿ ವಿಜಯನಗರದಲ್ಲಿ 140 ಕೂಡ ಇಲ್ಲ. 2,240 ಮೀಟರ್ ಎತ್ತರದ ಊಟಿಯಲ್ಲಿ ಒತ್ತಡ 0.77 ಬಾರ್‌ಗೆ ಇಳಿಯುತ್ತದೆ. ಅಲ್ಲಿನ ತಂಪು ಸ್ವಲ್ಪ ತುಂಬಿಕೊಟ್ಟರೂ ಐದನೆಯ ಒಂದು ಭಾಗ ಶಕ್ತಿ ಕಡಿಮೆಯಾಗಿಯೇ ಇರುತ್ತದೆ. ಸೂಪರ್‌ಚಾರ್ಜರಿನ ಪುಲ್ಲಿಯ ಅಳತೆ ಬದಲಾಗುವುದಿಲ್ಲ, ಆದ್ದರಿಂದ ಅದು ಸುತ್ತಲಿನ ಒತ್ತಡವನ್ನು ಒಂದೇ ಪ್ರಮಾಣದಲ್ಲಿ ಗುಣಿಸುತ್ತದೆ. ಒಂದೂವರೆ ಪಟ್ಟು ಎಂದಿಟ್ಟುಕೊಂಡರೆ ಮಂಗಳೂರಿನಲ್ಲಿ 1.52 ಬಾರ್, ಮೈಸೂರಿನಲ್ಲಿ 1.38, ಊಟಿಯಲ್ಲಿ 1.16. ಟರ್ಬೋದಲ್ಲಿ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ನಿಯಂತ್ರಿಸಿದರೆ ಘಟ್ಟ ಹತ್ತಿದಂತೆಲ್ಲ ಟರ್ಬೈನ್ ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ತುಂಬಿಕೊಡುತ್ತದೆ. ಅದಕ್ಕೂ ಮಿತಿ ಉಂಟು. ಊಟಿಯಲ್ಲಿ 1.5 ಬಾರ್ ಉಳಿಸಿಕೊಳ್ಳಬೇಕಾದರೆ ಅದು ಸುತ್ತಲಿನ ಗಾಳಿಯನ್ನು ಸುಮಾರು ಎರಡು ಪಟ್ಟು ಒತ್ತಬೇಕು. ಗಾಳಿ ಹೆಚ್ಚು ಕಾಯುತ್ತದೆ, ಟರ್ಬೋ ತನ್ನ ವೇಗದ ಗಡಿಯನ್ನು ಸಮೀಪಿಸುತ್ತದೆ. ಹಾಗಾಗಿ ಟ್ಯೂನ್ ಮಾಡುವವರು ಎತ್ತರಕ್ಕೆ ತಕ್ಕ ಮಿತಿಯನ್ನೂ ಇಸಿಯುವಿನಲ್ಲಿ ಹಾಕಿರಬೇಕು. ಕೇವಲ ಸ್ಪ್ರಿಂಗಿನ ಮೇಲೆ ನಡೆಯುವ ಅಗ್ಗದ ವೇಸ್ಟ್‌ಗೇಟ್ ಆದರೆ ಈ ಲಾಭ ಅರ್ಧಂಬರ್ಧ ಮಾತ್ರ ಸಿಗುತ್ತದೆ.

ಟರ್ಬೋ ವಿರುದ್ಧ ಹೇಳುವ ‘ಲ್ಯಾಗ್’ (ಶಕ್ತಿ ತಡವಾಗಿ ಬರುತ್ತದೆ) ಎಂಬ ದೂರಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಒಂದು, ಯಾವ ಆರ್‌ಪಿಎಂಗಿಂತ ಕೆಳಗೆ ಹೊಗೆ ಸಾಲದೆ ಬೂಸ್ಟ್ ಹುಟ್ಟುವುದೇ ಇಲ್ಲ ಎಂಬುದು. ಇನ್ನೊಂದು, ಆ ಆರ್‌ಪಿಎಂ ದಾಟಿದ ಮೇಲೂ ಕಾಲು ಒತ್ತಿದ್ದಕ್ಕೆ ಟರ್ಬೈನಿನ ಚಕ್ರ ವೇಗ ಪಡೆಯಲು ಹಿಡಿಯುವ ಸಮಯ. ಮೊದಲನೆಯದು ಟರ್ಬೋದ ಅಳತೆಯನ್ನು ಅವಲಂಬಿಸಿದೆ. ಫೋಕ್ಸ್‌ವ್ಯಾಗನ್ 1.0 ಟಿಎಸ್‌ಐ ಎಂಜಿನ್ 1,750 ಆರ್‌ಪಿಎಂಗೇ ತನ್ನ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಕೊಡುವುದು ಅದರ ಟರ್ಬೋ ಪುಟ್ಟದಾಗಿರುವುದರಿಂದ. ನಿಮ್ಮ ಎಂಜಿನ್ನಿಗೆ 250ರ ಗುರಿಯ ಟರ್ಬೋ ಹಾಕಿದರೆ 3,000 ದಾಟುವವರೆಗೆ ಕಾರು ಮಂಕಾಗಿರುತ್ತದೆ, ಆಮೇಲೆ ಒಮ್ಮೆಲೇ ಎರಗುತ್ತದೆ. ಮದ್ದೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಮಳೆ ಬಂದಿರುವಾಗ ಅದು ಹಿತವಾದ ಅನುಭವವಲ್ಲ. ಚಿಕ್ಕದನ್ನು ಹಾಕಿಸಿದರೆ 2,200ರ ಸುಮಾರಿಗೆ ಬೂಸ್ಟ್ ಸಿದ್ಧವಿರುತ್ತದೆ, ನೀವು ನಿಜವಾಗಿ ಓಡಿಸುವ ವ್ಯಾಪ್ತಿಯಲ್ಲೇ ಕಾರು ಬೇರೆಯದೇ ಆಗಿಬಿಡುತ್ತದೆ. ಮೈಸೂರಿನ ಗಾಳಿಯಲ್ಲಿ 200 ಅಶ್ವಶಕ್ತಿಗೆ ಸರಿಸುಮಾರು ಅರ್ಧ ಬಾರ್ ಬೂಸ್ಟ್ ಸಾಕು. 250ಕ್ಕೆ ಅದು ಒಂದು ಬಾರ್ ಸಮೀಪಕ್ಕೆ ಹೋಗುತ್ತದೆ, 10.5 ಕಂಪ್ರೆಷನ್ನಿನ, ಪೋರ್ಟ್ ಇಂಜೆಕ್ಷನ್ನಿನ (ಪೆಟ್ರೋಲನ್ನು ಸಿಲಿಂಡರಿನ ಹೊರಗೇ ಸಿಂಪಡಿಸುವ), ಟರ್ಬೋಗೆಂದು ಮಾಡದ ಎಂಜಿನ್ನಿನಲ್ಲಿ ಅದನ್ನು ತಾಳಬೇಕಾದರೆ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ಲಚ್ಚುಗಳನ್ನೆಲ್ಲ ಬದಲಿಸಬೇಕು. ಅಷ್ಟು ಹಣ ಸುರಿಯಬೇಡಿ ಎಂದು ಒತ್ತಿ ಹೇಳುತ್ತೇನೆ.

ಸೂಪರ್‌ಚಾರ್ಜರನ್ನು ನಾನು ಸೂಚಿಸುವ ಸಂದರ್ಭಗಳೂ ಇವೆ. ದೊಡ್ಡ ಆರು ಅಥವಾ ಎಂಟು ಸಿಲಿಂಡರಿನ ಎಂಜಿನ್, ಅದೇ ಎಂಜಿನ್ನಿಗೆಂದು ಮಾಡಿ ಪರೀಕ್ಷಿಸಿದ ಪೂರ್ಣ ಕಿಟ್, ಮೇಲೆ ಸಾಕಷ್ಟು ಜಾಗ ಇದ್ದರೆ ಅದು ಅಚ್ಚುಕಟ್ಟಾದ ಕೆಲಸ. ಹೊಗೆಯ ಕೊಳವೆಗಳನ್ನು ಮುಟ್ಟಬೇಕಾಗಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯುತ್ತದೆ, ಏಕೆಂದರೆ ನಡುವೆ ಕಾವನ್ನು ಹೀರುವ ಟರ್ಬೈನ್ ಇಲ್ಲ. ಆದರೂ ಕಾರು ತಯಾರಕರು ಹೋಗುತ್ತಿರುವ ದಿಕ್ಕನ್ನು ಗಮನಿಸಿ. ಶೆವ್ರೊಲೆ ಕಾರ್ವೆಟ್‌ನ ಝಡ್‌ಆರ್1 ಕಾರಿಗೆ 2009ರ ಮತ್ತು 2019ರ ಮಾದರಿಗಳಲ್ಲಿ ಸೂಪರ್‌ಚಾರ್ಜರ್ ಇತ್ತು. 2025ರ ಮಾದರಿಗೆ ಅವರು ಎರಡು ಟರ್ಬೋ ಹಾಕಿ 1,064 ಅಶ್ವಶಕ್ತಿ ತೆಗೆದಿದ್ದಾರೆ.

ಹಣ ಕೊಡುವ ಮುನ್ನ ಮುಂದಿನ ಉತ್ತರವನ್ನೂ ದಯವಿಟ್ಟು ಓದಿ.

ಪ್ರಶ್ನೆ: ಟರ್ಬೋ ಅಥವಾ ಸೂಪರ್‌ಚಾರ್ಜರನ್ನು ಹೊರಗಿನಿಂದ ಹಾಕಿಸಿಕೊಂಡರೆ ಆರ್‌ಟಿಒ ಕಚೇರಿಯಲ್ಲಿ ನಮೂದಿಸಿಕೊಳ್ಳಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬಣ್ಣ ಬದಲಿಸಿದಷ್ಟು ಸುಲಭವಾಗಿ ಆಗುವ ಕೆಲಸ ಇದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ದಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಿಮೆ. ತಿಳಿಸದೆ ಶಕ್ತಿ ಹೆಚ್ಚಿಸಿದ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಆ ಭಾರ ಜೀವನಪೂರ್ತಿ ನಿಮ್ಮ ಮನೆಯ ಮೇಲೆ ಬೀಳಬಹುದು.

ಆದ್ದರಿಂದ ರಸ್ತೆಯ ಮೇಲೆ ಓಡಿಸುವ ಕಾರಿಗೆ ಶಕ್ತಿ ಬೇಕಿದ್ದರೆ ಕಾರ್ಖಾನೆಯಿಂದಲೇ ಟರ್ಬೋ ಬಂದಿರುವ ಕಾರನ್ನು ಕೊಳ್ಳುವುದೇ ಸರಿಯಾದ ದಾರಿ ಎಂದು ನಾನು ಮನಸಾರೆ ನಂಬುತ್ತೇನೆ. ವಿಜಯನಗರದ ಓದುಗರಿಗೂ ಇದೇ ಮಾತು. 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಿ 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ಇದೆ. ಬ್ರೇಕು, ಗೇರ್‌ಬಾಕ್ಸು, ಕೂಲಿಂಗ್ ಎಲ್ಲವೂ ಆ ಶಕ್ತಿಗೆಂದೇ ಹೊಂದಿಸಿದವು. ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನು ಹುಡುಕಿ, ಈಗಿನದನ್ನು ಮಾರಿ, ಮಾರ್ಪಾಡಿಗೆ ಎತ್ತಿಟ್ಟ ಹಣವನ್ನು ಅದಕ್ಕೆ ಸೇರಿಸಿ. ತಾವೇ ಎಂಜಿನ್ ಕಟ್ಟಿ ನೋಡುವ ಆಸೆ ಇರುವವರು ಟ್ರ್ಯಾಕಿಗೆ ಮಾತ್ರ ಮೀಸಲಾದ ಕಾರನ್ನು ಮಾಡಿಕೊಳ್ಳಲಿ. ನಮಗೆ ಹತ್ತಿರದಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹೋಗಬೇಕಷ್ಟೆ.

ಪ್ರಶ್ನೆ: ನನ್ನದು 1.5 ಲೀಟರ್ ಟಿಎಸ್‌ಐ ಟರ್ಬೋ ಎಂಜಿನ್ನಿನ, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಕಾರು. ಇದಕ್ಕೆ ಸೂಪರ್‌ಚಾರ್ಜರನ್ನೂ ಸೇರಿಸಿದರೆ ಎರಡರ ಲಾಭವೂ ಸಿಗುತ್ತದೆಯೇ? ಅಥವಾ ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು) ಸಾಕೇ?
– ಓದುಗರು, ಮಂಡ್ಯ

ಉತ್ತರ: ಎರಡನ್ನೂ ಸೇರಿಸುವ ಯೋಚನೆ ಹೊಸದಲ್ಲ. 1985ರ ಲ್ಯಾನ್ಸಿಯಾ ಡೆಲ್ಟಾ ಎಸ್4 ರ‍್ಯಾಲಿ ಕಾರಿನಲ್ಲಿ ಕೆಳಗಿನ ಆರ್‌ಪಿಎಂಗೆ ಸೂಪರ್‌ಚಾರ್ಜರ್, ಮೇಲಕ್ಕೆ ಟರ್ಬೋ ಇತ್ತು. ಫೋಕ್ಸ್‌ವ್ಯಾಗನ್ 2005ರಲ್ಲಿ 1.4 ಟಿಎಸ್‌ಐನಲ್ಲಿ ಅದನ್ನೇ ಮಾರುಕಟ್ಟೆಗೆ ತಂದು, ಮುಂದೆ ಕೈಬಿಟ್ಟಿತು. ಒಂದೇ ಟರ್ಬೋದಿಂದ ಆ ಕೆಲಸ ಸಾಧ್ಯವಾದಾಗ ಎರಡು ಯಂತ್ರಗಳ ತೂಕ, ಬೆಲೆ, ತೊಡಕು ಯಾರಿಗೂ ಬೇಡವಾಯಿತು. ನಿಮ್ಮ ಕಾರಿಗೆ ಅದರ ಯೋಚನೆಯೇ ಬೇಡ.

ರೀಮ್ಯಾಪ್ ಬಗ್ಗೆ ಒಂದೇ ಅಂಕಿ ಹೇಳುತ್ತೇನೆ. ನಿಮ್ಮ ಎಂಜಿನ್ನಿನ ಟಾರ್ಕ್ 250 ನ್ಯೂಟನ್ ಮೀಟರ್, ಆ ಡ್ರೈ ಕ್ಲಚ್ಚಿನ ಡಿಕ್ಯೂ200 ಗೇರ್‌ಬಾಕ್ಸಿನ ನಿಗದಿತ ಮಿತಿಯೂ 250. ಎಂಜಿನ್ ಇನ್ನಷ್ಟು ಕೊಡಬಲ್ಲದು, ಆದರೆ ಅದನ್ನು ತಾಳಿಕೊಳ್ಳಲು ಗೇರ್‌ಬಾಕ್ಸಿನಲ್ಲಿ ಏನೂ ಉಳಿದಿಲ್ಲ. ವಾರಂಟಿಯೂ ಹೋಗುತ್ತದೆ. ಇರುವ 150 ಅಶ್ವಶಕ್ತಿಯನ್ನು ಒಳ್ಳೆಯ ಟೈರಿನ ಮೇಲೆ ಅನುಭವಿಸಿ.

ಪ್ರಶ್ನೆ: ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಟರ್ಬೋ ಎಂಜಿನ್ನಿಗೆ ಕೆಟ್ಟದ್ದೇ?
– ಓದುಗರು, ಪಾಂಡವಪುರ

ಉತ್ತರ: ಕಬ್ಬು ಬೆಳೆಯುವ ಸೀಮೆಯಿಂದ ಈ ಪ್ರಶ್ನೆ ಬಂದದ್ದು ಸಂತೋಷ. ನಾಕಿಂಗ್ ದೃಷ್ಟಿಯಿಂದ ಎಥೆನಾಲ್ ಟರ್ಬೋಗೆ ಮಿತ್ರ. ಅದರ ಆಕ್ಟೇನ್ ಸಂಖ್ಯೆ (ನಾಕಿಂಗ್ ತಡೆಯುವ ಗುಣದ ಅಳತೆ) ಸುಮಾರು 108; ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾವನ್ನು ಹೀರಿ ಒಳಬರುವ ಗಾಳಿಯನ್ನು ತಣಿಸುತ್ತದೆ. ಆದರೆ ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ತೂಕದ ಗಾಳಿ ಬೇಕಾದರೆ ಎಥೆನಾಲಿಗೆ 9 ಪಾಲು ಸಾಕು. ಹಾಗಾಗಿ ಈ ಇಂಧನವನ್ನು ಹೆಚ್ಚಿನ ಪ್ರಮಾಣದಲ್ಲಿ ಸಿಂಪಡಿಸಬೇಕಾಗುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹೊರಗಿನಿಂದ ಬೂಸ್ಟ್ ಹಾಕಿಸಿದ ಕಾರಿನಲ್ಲಿ ಇಂಜೆಕ್ಟರ್‌ಗಳು ಮೊದಲೇ ತಮ್ಮ ಮಿತಿಯಲ್ಲಿದ್ದರೆ ಈ ಹೆಚ್ಚುವರಿ ಪ್ರಮಾಣ ಕೊಡಲಾಗದೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ; ಬೂಸ್ಟಿನಲ್ಲಿ ತೆಳು ಮಿಶ್ರಣ ಪಿಸ್ಟನ್ನಿಗೆ ಮಾರಕ. ಈ ಇಂಧನಕ್ಕೆಂದು ತಯಾರಾದ ಹೊಸ ಕಾರುಗಳಲ್ಲಿ ಚಿಂತೆ ಬೇಡ. ಹಳೆಯ ಕಾರುಗಳಲ್ಲಿ ರಬ್ಬರ್ ಪೈಪು, ಸೀಲುಗಳನ್ನು ಪರೀಕ್ಷಿಸಿಕೊಳ್ಳಿ. ಎಥೆನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸುವುದು ಒಳ್ಳೆಯದು.

ಪ್ರಶ್ನೆ: ಟರ್ಬೋ ಕಾರನ್ನು ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬಾರದು ಎನ್ನುತ್ತಾರೆ. ಇದು ಈಗಲೂ ನಿಜವೇ?
– ಓದುಗರು, ನಂಜನಗೂಡು

ಉತ್ತರ: ಹೇಗೆ ಓಡಿಸಿಕೊಂಡು ಬಂದಿರಿ ಎಂಬುದರ ಮೇಲೆ ನಿಂತಿದೆ. ಪೂರ್ತಿ ಹೊರೆಯಲ್ಲಿ ಟರ್ಬೈನಿಗೆ ತಾಗುವ ಹೊಗೆ 900 ಡಿಗ್ರಿಯನ್ನೂ ಮೀರಬಹುದು, ಚಿಕ್ಕ ಟರ್ಬೋದ ಅಕ್ಷ ನಿಮಿಷಕ್ಕೆ 2,00,000 ಸುತ್ತು ದಾಟಬಹುದು. ಆ ಅಕ್ಷವನ್ನು ಹಿಡಿದಿರುವುದು ಎಂಜಿನ್ ಆಯಿಲ್‌ನ ತೆಳು ಪದರ. ಎಂಜಿನ್ ಆರಿಸಿದರೆ ಆಯಿಲ್ ಹರಿವು ನಿಂತು, ಅಲ್ಲೇ ಉಳಿದ ಆಯಿಲ್ ಕಾದು ಇದ್ದಿಲಾಗುತ್ತದೆ, ಬೇರಿಂಗ್ ಸವೆಯುತ್ತದೆ. ಇಂದಿನ ಬಹುತೇಕ ಪೆಟ್ರೋಲ್ ಟರ್ಬೋಗಳಿಗೆ ನೀರಿನ ತಂಪೂ ಇರುವುದರಿಂದ ಅಪಾಯ ಹಿಂದಿಗಿಂತ ಕಡಿಮೆಯಾಗಿದೆ. ಊರೊಳಗೆ ನಿಧಾನವಾಗಿ ಓಡಿಸಿ ಮನೆ ತಲುಪಿದಾಗ ಟರ್ಬೋ ಆಗಲೇ ತಣಿದಿರುತ್ತದೆ, ಕಾಯಬೇಕಾಗಿಲ್ಲ. ಬೆಂಗಳೂರಿನಿಂದ ಬಂದವರಿಗೂ ಹೆದ್ದಾರಿ ಬಿಟ್ಟ ಮೇಲಿನ ನಗರದ ದಾರಿಯೇ ತಣಿಸಿಕೊಡುತ್ತದೆ. ನಮ್ಮಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಚಾಮುಂಡಿ ಬೆಟ್ಟ ಹತ್ತುವಾಗ: ಏರು ಮುಗಿದ ಕೂಡಲೇ ಪಾರ್ಕಿಂಗ್ ಬರುತ್ತದೆ, ಟರ್ಬೋ ಅತಿ ಬಿಸಿಯಾಗಿರುವ ಹೊತ್ತಿಗೇ ಜನ ಕೀಲಿ ತಿರುಗಿಸುತ್ತಾರೆ. ಕೊನೆಯ ಒಂದು ಕಿಲೋಮೀಟರನ್ನು ಹಗುರವಾಗಿ ಓಡಿಸಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಐಡ್ಲಿಂಗಿನಲ್ಲಿರಲಿ. ಆಯಿಲ್ ಮಾತ್ರ ಕಂಪನಿ ಹೇಳಿದ ಗ್ರೇಡಿನ ಫುಲ್ ಸಿಂಥೆಟಿಕ್ಕೇ ಆಗಿರಲಿ, ಬದಲಿಸುವ ಅವಧಿಯನ್ನು ಎಂದೂ ಮುಂದೂಡಬೇಡಿ.